ಹಾಕಿ: ಪೆನಾಲ್ಟಿ ಕಾರ್ನರ್ 17, ಗೋಲ್ 1. ಎಲ್ಲಿ ತಪ್ಪಲತ್ತದ?

ಕಲಬುರ್ಗಿ ಸೆಂಟರ್‌ಹಾಫ್:
ನಾಕು ಮ್ಯಾಚಿನಾಗ 17 ಪೆನಾಲ್ಟಿ ಕಾರ್ನರ್ ಸಿಕ್ಕಾವ (ಒಬ್ಬ ಗೋಲ್‌ಲೈನಿಂದ ಚೆಂಡು ಪುಶ್ ಮಾಡ್ತಾನ, ಗೋಲಿನ ಮುಂದಿನ ಅರ್ಧ ಸುತ್ತಿನ ಗೆರಿ, ಅಂದ್ರ ಸರ್ಕಲ್, ಅದರ ತುದಿಗಿ ಸ್ಟಾಪರ್ ನಿಲ್ಲಿಸ್ತಾನ, ಇನ್ನೊಬ್ಬ ಗೋಲಿಗಿ ಹೊಡೀತಾನ). ಗೋಲ್ ಒಂದೇ, ಅದೂ ರಿಬೌಂಡ್. ನಮ್ಮ ಫ್ಲಿಕ್ಕರ್ (ಚೆಂಡು ಸ್ಟಿಕ್ಕಿಗಿ ಹಚ್ಚಿ ಎಳದು ಎತ್ತಿ ಎಸೆಯೋನು) ಛಲೋ ಇದ್ದಾನ, ಪ್ರಾಕ್ಟೀಸಿನಾಗ ಹತ್ತರಾಗ ಏಳು ಮೂಲಿಗಿ ಹಾಕ್ತಾನ. ಮ್ಯಾಚಿನಾಗ ಮಾತ್ರ ಅವ ಸ್ಟಿಕ್ ಎತ್ತೋದ್ರೊಳಗ ಎದುರಿನವ್ರ ಫಸ್ಟ್ ರನ್ನರ್ (ಗೋಲ್‌ಲೈನಿಂದ ಮೊದಲು ಓಡಿಬರೋ ಡಿಫೆಂಡರ್) ಬಂದು ಮೈಮ್ಯಾಲ ನಿಂತಿರ್ತಾನ. ಎದುರಿನವ್ರಿಗಿ ಎರಡು ಸಲ ಹಸಿರು ಕಾರ್ಡ್ (ಎರಡು ನಿಮಿಷ ಹೊರಗ) ಬಿತ್ತು, ಒಬ್ಬ ಕಮ್ಮಿ ಇದ್ದಾಗೂ ನಮ್ಮ ಕೈಲಿ ಏನೂ ಆಗ್ಲಿಲ್ಲ. ಟೂರ್ನಿಗಿ ಮೂರು ವಾರ ಉಳದಾವ. ‘ಪ್ರಾಕ್ಟೀಸ್ ಜಾಸ್ತಿ ಮಾಡ್ರಿ’ ಅನ್ನೋದು ಬ್ಯಾಡ. ತಪ್ಪು ಎಲ್ಲದ ಅದು ಹೇಳ್ರಿ.

ಲೋಬೋ 24:
ಸ್ಟಿಕ್ ಯಾವುದು? ಬೋ, ಅಂದ್ರೆ ಅದರ ಬಾಗು, ಎಷ್ಟು? ಅದನ್ನೇ ಬರೆದಿಲ್ಲ. ನಿಯಮದ ಪ್ರಕಾರ ಬೋ 25 ಮಿ.ಮೀ. ದಾಟಬಾರದು, ಅದರ ಅತಿ ಆಳದ ಜಾಗ ಹೆಡ್‌ನ ಬುಡದಿಂದ 200 ಮಿ.ಮೀ.ಗಿಂತ ಕೆಳಗೆ ಇರಬಾರದು. ಫ್ಲಿಕ್‌ಗೆ 24 ಮಿ.ಮೀ. ಬೋ, ಅದೂ 200ರ ಹತ್ತಿರವೇ ಇರೋದು (ಲೋಬೋ) ಬೇಕು. ಬಾಗು ನಡುವೆ ಇರೋ ಮಿಡ್‌ಬೋ ಸ್ಟಿಕ್‌ನಲ್ಲಿ ಚೆಂಡು ಶಾಫ್ಟ್ ಮೇಲೆ ಕೂರಲ್ಲ, ಹುಡುಗ ಎರಡನೇ ಸಲ ಸರಿಮಾಡಿಕೊಳ್ತಾನೆ, ಅಲ್ಲೇ ಅರ್ಧ ಸೆಕೆಂಡ್ ಹೋಯ್ತು. ಮೊದಲು ಸ್ಟಿಕ್ ಬದಲಿಸಿ.

ಬೀದರ್ ಗೋಲಿ:
ಸ್ಟಿಕ್ ಆಮ್ಯಾಲ ನೋಡಮು. ಪುಶ್ ಆದಾಗಿಂದ ಸ್ಟಾಪ್ ಆಗೋತನಕ ಎಷ್ಟು ಟೈಂ ಹಿಡೀತದ? ಮೊಬೈಲ್ ವಿಡಿಯೋ ಸೆಕೆಂಡಿಗೆ 30 ಫ್ರೇಮ್ ಇರ್ತದ, ಎಣಿಸಿ ಹೇಳ್ರಿ.

ಕಲಬುರ್ಗಿ ಸೆಂಟರ್‌ಹಾಫ್:
ಸ್ಟಿಕ್ 24ರದ್ದೇ ಅದ, ಮೂವತ್ತೇಳುವರಿ ಇಂಚು. ವಿಡಿಯೋ ಹುಡುಕ್ತೀನಿ.

ಲೋಬೋ 24:
ಉದ್ದ ಜಾಸ್ತಿಯಾಯ್ತು ನೋಡಿ. ಹುಡುಗನ ಎತ್ತರ ಎಷ್ಟು? ಬಲಗೈ ಗ್ರಿಪ್‌ನ ಕೊನೆವರೆಗೆ ಇಳಿಬೇಕು, ಎಡಗಾಲು ಚೆಂಡಿನ ಮುಂದೆ ಬೀಳಬೇಕು, ಚೆಂಡನ್ನು ಬಲಗಾಲಿನ ಹಿಂದಿನಿಂದ ಎಳೆದು ತರಬೇಕು. ಪಾಕಿಸ್ತಾನದ ಸೋಹೇಲ್ ಅಬ್ಬಾಸ್ 348 ಗೋಲ್‌ಗಳಲ್ಲಿ ಬಹುಪಾಲು ಹೊಡೆದಿದ್ದು ಇದೇ ಎಳೆತದಲ್ಲಿ. ನಮ್ಮ ಕೊಡಗಿನ ರಘುನಾಥ್ ಅವರದ್ದೂ ಅಷ್ಟೇ.

ಸ್ಟಿಕ್ ಸೈಡ್:
ರಘುನಾಥ್ ಅವರದ್ದು ಬಲ, ಹರ್ಮನ್‌ಪ್ರೀತ್‌ದು ಕಣ್ಣು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲ್ ಸುಮ್ನೆ ಬಂದ್ವಾ? ಅಂದ ಹಾಗೆ ಫ್ಲಿಕ್ ಆದ್ರೂ ಗೋಲಿನೊಳಗಿನ ಬೋರ್ಡ್‌ಗಿಂತ ಮೇಲೆ ಹೋದ್ರೆ ಗೋಲ್ ಕೊಡಲ್ಲ ಅಲ್ವಾ?

ಯಾದಗಿರಿ ಅಂಪೈರ್:
ತಪ್ಪು. ಮೊದಲ ಶಾಟ್ ‘ಹಿಟ್’ ಆದರೆ ಮಾತ್ರ 460 ಮಿ.ಮೀ., ಅಂದರೆ ಬೋರ್ಡಿನ ಎತ್ತರದೊಳಗೆ ಗೆರೆ ದಾಟಬೇಕು. ಸ್ಲ್ಯಾಪ್ (ಸ್ಟಿಕ್ ನೆಲ ಸವರಿ ಬೀಸುವುದು) ಕೂಡ ಹಿಟ್ಟೇ. ಫ್ಲಿಕ್‌ಗೆ, ಸ್ಕೂಪ್‌ಗೆ (ಚೆಂಡಿನ ಕೆಳಗೆ ಸ್ಟಿಕ್ ಇಟ್ಟು ಎತ್ತುವುದು) ಆ ಮಿತಿ ಇಲ್ಲ, ಆದರೆ ಅಪಾಯವಾಗಬಾರದು. ಐದು ಮೀಟರ್ ಒಳಗೆ ಓಡಿಬರುವ ರನ್ನರ್‌ಗೆ ಮೊಣಕಾಲಿನ ಕೆಳಗೆ ತಗುಲಿದರೆ ಮತ್ತೆ ಕಾರ್ನರ್. ನೆಟ್ಟಗೆ ನಿಂತವನ ಮೊಣಕಾಲಿಗೋ ಅದರ ಮೇಲೋ ಬಿದ್ದರೆ ಫ್ರೀ ಹಿಟ್ ಅವರಿಗೆ. ನಿಮ್ಮ 17ರಲ್ಲಿ ಇಂಥವು ಎಷ್ಟು?

ಕಲಬುರ್ಗಿ ಸೆಂಟರ್‌ಹಾಫ್:
ನಾಕೈದು ಇರಬಹುದು. ವಿಡಿಯೋ ಸಿಕ್ತು. ಪುಶ್‌ನಿಂದ ಸ್ಟಾಪಿಗಿ 66 ಫ್ರೇಮ್. ಸ್ಟಾಪಿಂದ ಶಾಟಿಗಿ 33. ನಡುವ ಚೆಂಡು ಎರಡು ಸಲ ಪುಟಿತದ.

ಬೀದರ್ ಗೋಲಿ:
ಪುಟಿತದ? ಟರ್ಫ್ ಅಲ್ಲೇನು?

ಕಲಬುರ್ಗಿ ಸೆಂಟರ್‌ಹಾಫ್:
ಮುರುಮದ ಗ್ರೌಂಡ್ ಅದ. ನಮ್ಮ ಕಡಿ ಮತ್ತೇನು ಇರ್ತದ? ಟೂರ್ನಿನೂ ಮುರುಮದ ಮ್ಯಾಲೇ.

ಬೀದರ್ ಗೋಲಿ:
ಒಂಬತ್ತು ಪೋಸ್ಟ್ ಆದ ಮ್ಯಾಲ ಇದು ಹೇಳ್ಲತ್ತೀರಿ! ಲೋಬೋ ಸಾಹೇಬ್ರು ಪಾಪ ಸ್ಟಿಕ್ಕಿನ ಬಾಗು ಅಳೀಲತ್ತಾರ.

ಈಗ ಲೆಕ್ಕ ಮಾಡ್ರಿ. 66 ಮತ್ತ 33 ಕೂಡಿದ್ರ 3.3 ಸೆಕೆಂಡ್. ಗೋಲ್‌ಲೈನಿಂದ ಸರ್ಕಲ್ ತುದಿಗಿ 14.63 ಮೀಟರ್. ಅಷ್ಟು ಟೈಮಿನಾಗ ಎಂಥಾ ರನ್ನರ್ ಬೇಕಾದ್ರೂ ಬಂದು ನಿಂದರ್ತಾನ. ಎರಡೂ ಸೇರಿ 2.2 ಸೆಕೆಂಡಿಗಿ, ಅಂದ್ರ 66 ಫ್ರೇಮಿಗಿ ಇಳೀಬೇಕು. ಆಗ ಅವ ನಾಕು ಮೀಟರ್ ದೂರನೇ ಉಳೀತಾನ.

ಒಂದು, ಜಾಗ. ಪುಶ್ ಮಾಡೋ ಗುರುತು ಹತ್ತಿರದ ಕಂಬದ ಹೊರಗಿನ ಅಂಚಿಂದ 10 ಮೀಟರ್. ಸ್ಟಾಪರ್ ನೆಟ್ಟ ನಡುವ ನಿಂತಿದ್ರ ಚೆಂಡು ಸುಮಾರು 19 ಮೀಟರ್ ಉರುಳಬೇಕು. ಸ್ಟಾಪರ್–ಶೂಟರ್ ಜೋಡೀನ ಪುಶ್ ಮಾಡೋನ ಕಡಿ ಐದೂವರಿ ಮೀಟರ್ ಸರಿಸ್ರಿ, 16ಕ್ಕ ಬರ್ತದ. ಗೋಲ್ ಕೋನ ಸಣ್ಣದಾಗ್ತದ ಖರೇ, ಆದ್ರ ಮುರುಮದಾಗ ಕೊನೀ ಮೂರು ಮೀಟರಿನಾಗೇ ಚೆಂಡು ಸಾಯೋದು.

ಎರಡು, ಪುಶ್. ಟರ್ಫಿನಾಗಿನ ಉದ್ದ ಎಳೆತ ಇಲ್ಲಿ ನಡೆಯಲ್ಲ, ಹರಳಿಗಿ ಬಡದು ಚೆಂಡು ಸ್ಟಿಕ್ ಬಿಡ್ತದ. ಹಿಟ್ ಹಾಕಿಸ್ರಿ.

ಸ್ಟಿಕ್ ಸೈಡ್:
ಇಂಜೆಕ್ಷನ್, ಅಂದ್ರೆ ಗೋಲ್‌ಲೈನಿಂದ ಚೆಂಡು ಕೊಡೋದು, ಹಿಟ್ ಮಾಡಬಹುದಾ?

ಯಾದಗಿರಿ ಅಂಪೈರ್:
ಮಾಡಬಹುದು. ಪುಶ್ ಇಲ್ಲವೇ ಹಿಟ್, ಬೇಕಂತಲೇ ಎತ್ತಬಾರದು ಅಷ್ಟೇ. ಒಂದು ಕಾಲಾದರೂ ಗೆರೆಯ ಹೊರಗಿರಬೇಕು. ಡಮ್ಮಿ ಮಾಡಿ ಎದುರಿನವರನ್ನು ಓಡಿಸುವ ಚಾಳಿ ಬೇಡ. ಹಾಗೆ ಮಾಡಿದವನು ಸೆಂಟರ್ ಲೈನ್ ಆಚೆ ಹೋಗಬೇಕು, ಬೇರೆಯವನು ಬಂದು ತೆಗೆಯಬೇಕು. ಡಿಫೆಂಡರ್ ತಾನಾಗಿಯೇ ಮೊದಲು ಓಡಿದರೆ ಅವನು ಆಚೆ, ಅವನ ಜಾಗಕ್ಕೆ ಬೇರೆಯವರಿಲ್ಲ. ಅದು ನಿಮಗೆ ಲಾಭ.

ಬೀದರ್ ಗೋಲಿ:
ಮೂರು, ಸ್ಟಾಪ್. ಸ್ಟಿಕ್ ಪೂರಾ ನೆಲಕ್ಕ ಮಲಗಿಸಿದ್ರ ಎರಡು ಇಂಚು ಪುಟಿದ ಚೆಂಡು ಮ್ಯಾಲಿಂದ ಹಾರಿ ಹೋಗ್ತದ. ಹಿಡಿಕೆ ಮುಂದಕ್ಕ ವಾಲಿಸಿ, ಒಂದಿಷ್ಟು ಎತ್ತಿ ಹಿಡೀಬೇಕು, ಚೆಂಡು ಅದರ ಕೆಳಗ ಸಿಕ್ಕಿಬೀಳ್ತದ. ಕೈ ಗಟ್ಟಿ ಹಿಡದ್ರ ಮುಂದ ಜಿಗಿತದ, ಸಡಲ ಬಿಡ್ರಿ.

ನಾಕು, ಶಾಟ್. ಫ್ಲಿಕ್ ಮರತುಬಿಡ್ರಿ. ನಿಮ್ಮ ಹುಡುಗ ಪ್ರಾಕ್ಟೀಸಿನಾಗ ಕೈಲೇ ಇಟ್ಟ ಚೆಂಡು ಫ್ಲಿಕ್ ಮಾಡ್ತಾನ, ಕೆಳಗಿನ ನೆಲ ಸಾಫ್ ಮಾಡ್ಕೊಂಡು. ಹತ್ತರಾಗ ಏಳು ಹಂಗ ಬಂದದ್ದು. ಮ್ಯಾಚಿನಾಗ ನೇರ ಹಿಟ್, ಬೋರ್ಡಿನ ಎತ್ತರದೊಳಗ, ಕಂಬದ ಬುಡಕ್ಕ. ಮುರುಮದ ಮ್ಯಾಲ ಗೋಲಿ ಅಡ್ಡ ಬೀಳ್ಲಾಕ ಹಿಂದಮುಂದ ನೋಡ್ತಾನ, ತೊಡಿ ಚರ್ಮ ಕಿತ್ತು ಬರ್ತದ. ಕಾಲಿಂದಲೇ ತಡೀತಾನ, ಪ್ಯಾಡಿಗಿ ಬಡದು ವಾಪಸ್ ಬರ್ತದ. ನಿಮಗ ಬಂದ ಒಂದು ಗೋಲೂ ಅಲ್ಲೇ ಬಂದದ. ಎರಡೂ ಕಂಬದ ಮುಂದ ಒಬ್ಬೊಬ್ಬ ಸ್ಟಿಕ್ ನೆಲಕ್ಕ ಇಟ್ಟು ರೆಡಿ ಇರಬೇಕು.

ಲೋಬೋ 24:
ಒಳ್ಳೆ ಲೋಬೋ ಇದ್ರೆ ಮಣ್ಣಲ್ಲೂ ಫ್ಲಿಕ್ ಆಗುತ್ತೆ. ಹಿಟ್ ಅಂದ್ರೆ ಹಳೇ ಕಾಲಕ್ಕೆ ಹೋದ ಹಾಗೆ.

ಬೀದರ್ ಗೋಲಿ:
ಹಳೀದೋ ಹೊಸದೋ, ಬೋರ್ಡ್ ಸಪ್ಪಳ ಒಂದೇ ಬರ್ತದ.

ಯಾದಗಿರಿ ಅಂಪೈರ್:
ಹಸಿರು ಕಾರ್ಡಿನ ವಿಷಯ ಯಾರೂ ಮುಟ್ಟಲಿಲ್ಲ. ಹಲವರಿಗೆ ತಲೆಯಲ್ಲಿ ಐಸ್ ಹಾಕಿಯ ಪವರ್ ಪ್ಲೇ ಇರುತ್ತದೆ. ಅಲ್ಲಿ ಗೋಲಿ ಬಿಟ್ಟು ಐದಕ್ಕೆ ನಾಲ್ಕು, ಅಂದರೆ ಐದರಲ್ಲೊಬ್ಬ ಕಮ್ಮಿ. ಇಲ್ಲಿ ಹನ್ನೊಂದರಲ್ಲೊಬ್ಬ, ಅದೂ ಕಾರ್ನರ್ ವೇಳೆ ಕಾಣುವುದೇ ಇಲ್ಲ. ಹತ್ತು ಜನ ಇದ್ದರೂ ಗೋಲಿ ಸೇರಿ ಐವರು ಗೋಲ್‌ಲೈನ್ ಹಿಂದೆ ನಿಲ್ಲಬಹುದು. ಕಮ್ಮಿಯಾಗುವುದು ಸೆಂಟರ್ ಲೈನ್ ಆಚೆ ನಿಲ್ಲುವವರಲ್ಲಿ: ಆರರ ಬದಲು ಐವರು. ಹಾಗಾಗಿ ನೀವು ಹಿಂದೆ ಕಾವಲಿಗೆ ಬಿಟ್ಟವರಲ್ಲಿ ಒಬ್ಬನನ್ನು ಸರ್ಕಲ್ ತುದಿಗೆ ತಂದು ರಿಬೌಂಡ್‌ಗೆ ಹಾಕಿ. ಲಾಭ ಇರುವುದು ಅಲ್ಲಿ.

ಕಾರ್ನರ್ ಇಲ್ಲದ ಹೊತ್ತಿನಲ್ಲಿ 55 ಮೀಟರ್ ಅಗಲ ಪೂರ್ತಿ ಬಳಸಿ. ಒಂದು ಸೈಡ್‌ಲೈನಿನಲ್ಲಿ ಎಳೆದು, ಹಿಂದಿನಿಂದ ಇನ್ನೊಂದಕ್ಕೆ ತಿರುಗಿಸಿ. ಹತ್ತು ಜನ ಎರಡು ಸಲ ಸರಿಯಬಲ್ಲರು, ಮೂರನೇ ಸಲ ಜಾಗ ಬಿಡುತ್ತಾರೆ. ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ಸರ್ಕಲ್ ಒಳಗೆ ನುಗ್ಗಿಸಿ ಚೆಂಡು ಕಳೆದುಕೊಂಡರೆ ಉಳಿದ ಹೊತ್ತು ಅವರದ್ದೇ. ಇನ್ನೊಂದು: ಐಸ್ ಹಾಕಿಯಲ್ಲಿ ಎರಡು ನಿಮಿಷದ ಶಿಕ್ಷೆ ಗೋಲ್ ಬಿದ್ದ ಕೂಡಲೇ ಮುಗಿಯುತ್ತದೆ. ನಮ್ಮಲ್ಲಿ ಮುಗಿಯಲ್ಲ, ಗೋಲ್ ಹೊಡೆದ ಮೇಲೂ ಒತ್ತಡ ಬಿಡಬೇಡಿ.

ಸ್ಟಿಕ್ ಸೈಡ್:
ಬಿಸಿಲ ನಾಡಿನ ಥ್ರೆಡ್‌ಗೆ ಐಸ್ ಹಾಕಿ ತಂದ್ರಲ್ಲ ಸರ್, ತಂಪಾಯ್ತು.

ಕಲಬುರ್ಗಿ ಸೆಂಟರ್‌ಹಾಫ್:
ನೆಲಕ್ಕ ಏನಾರ ಮಾಡಬಹುದೇನು? ಬ್ಯಾಸಗಿಗಿ ಕೆಳಗಿನ ಎರಿ ಮಣ್ಣು ಬಿರೀತದ.

ಬೀದರ್ ಗೋಲಿ:
ಪೂರಾ ಗ್ರೌಂಡ್ ಬ್ಯಾಡ. ಪುಶ್ ಗುರುತಿಂದ ಸ್ಟಾಪ್ ಜಾಗದತನಕ ಎರಡು ಮೀಟರ್ ಅಗಲದ ಪಟ್ಟಿ ಸಾಕು. ಬಿರುಕು ತುಂಬಿ, ಜರಡಿ ಹಿಡಿದ ಸಣ್ಣ ಮುರುಮ ಎರಡು ಇಂಚು ಹಾಸಿ, ಸಂಜಿಗಿ ನೀರು ಹೊಡದು, ಅರ್ಧ ಆರಿದ ಮ್ಯಾಲ ರೋಲರ್ ಎಳೀರಿ. ಹಸಿ ಇದ್ದಾಗ ಎಳದ್ರ ಮಣ್ಣು ರೋಲರಿಗಿ ಅಂಟಿ ಕಿತ್ತು ಬರ್ತದ. ಟೂರ್ನಿ ಗ್ರೌಂಡಿನಾಗ ಈ ಪಟ್ಟಿ ಸಿಗಲ್ಲ, ಅದಕ್ಕ ವಾರದಾಗ ಎರಡು ದಿನ ಪಟ್ಟಿ ಬಿಟ್ಟು ಒರಟು ನೆಲದಾಗೇ ಮಾಡ್ರಿ. ವೇಗದ ಚೆಂಡು ಹಿಡಿಯೋದು ಕಲೀಲಾಕ ಶಹಾಬಾದ್ ಫರಸಿ ಅಂಗಳ ಛಲೋ, ಸ್ಟಿಕ್ ಹೆಡ್ಡಿಗಿ ಟೇಪ್ ಸುತ್ತಿ, ಇಲ್ಲಂದ್ರ ವಾರದಾಗ ಸವೀತದ.

ಕಲಬುರ್ಗಿ ಸೆಂಟರ್‌ಹಾಫ್:
ಹತ್ತು ದಿನ ಆಯ್ತು. ಜೋಡಿ ಸರಿಸಿ, ಹಿಟ್ ಮಾಡಿಸಿದ್ವಿ. ಒರಟು ನೆಲದಾಗ ಸ್ಟಾಪಿಗಿ 47 ಫ್ರೇಮ್, ಶಾಟಿಗಿ 24. ಆದ್ರ ಈ ಕಡಿಯಿಂದ ಮಾತ್ರ. ಗೋಲಿನ ಆ ಕಡಿಯಿಂದ ತಗೊಂಡ್ರ ಹಿಟ್ ಹತ್ತರಾಗ ನಾಕು ಸಲ ಸ್ಟಾಪರಿನ ಹಿಂದ ಹೋಗ್ತದ. ಕಾಲು ಹೆಂಗ ಇಡಬೇಕು?

ಲೋಬೋ 24:
ಇಂಜೆಕ್ಷನ್‌ಗೂ ಸ್ಟಿಕ್ ಮುಖ್ಯ ಅಂತ ನಾನು ಮೊದಲಿಂದ ಹೇಳ್ತಾನೇ ಇದ್ದೀನಿ. ನನ್ನ ಹತ್ರ ಈಗ ಐದಿವೆ: ಎರಡು 24ರವು, 95 ಪರ್ಸೆಂಟ್ ಕಾರ್ಬನ್. ಒಂದು 22. ಒಂದು ಮರದ್ದು. ಇನ್ನೊಂದು ಒಳಾಂಗಣದ್ದು.

ಸ್ಟಿಕ್ ಸೈಡ್:
95 ಕಾರ್ಬನ್ ಮುರುಮದಲ್ಲಿ ಹೆಡ್ ಒಡೆಯಲ್ವಾ? ಮರದ್ದರ ತೂಕ ಎಷ್ಟು ಬರುತ್ತೆ? ಫೋಟೋ ಹಾಕಿ.