ಅಪ್‌ಡೇಟ್: ಮೇಣದಬತ್ತಿ ಕೊನೆಗೂ ಆರಲಿಲ್ಲ

ಹೋದ ವಾರ ಕೇಳಿದ್ದೆನಲ್ಲ, ಮದುವೆ ವಾರ್ಷಿಕೋತ್ಸವಕ್ಕೆ ಹಾಲ್ ತುಂಬ ಮೇಣದಬತ್ತಿ ಹಚ್ಚಬೇಕು, ಆದರೆ ಕಿಟಕಿ ತೆಗೆದರೆ ಆರುತ್ತೆ, ಮುಚ್ಚಿದರೆ ಸೆಕೆ ಅಂತ. ಚಿತ್ರದುರ್ಗದ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ.

ಉದ್ದ ಗಾಜಿನ ಲೋಟದ ತಳಕ್ಕೆ ಕಲ್ಲುಪ್ಪು ಹಾಕಿ ಅದರಲ್ಲಿ ನಿಲ್ಲಿಸಿ ಅಂದವರಿಗೆ ಥ್ಯಾಂಕ್ಸ್, ಅದೇ ಕೆಲಸ ಮಾಡಿದ್ದು. ಉರಿ ಲೋಟದ ಅಂಚಿಗಿಂತ ಕೆಳಗಿರಬೇಕು ಅಷ್ಟೇ. ಹಿತ್ತಾಳೆ ಪಾತ್ರೆಯ ನೀರಲ್ಲಿ ತೇಲಿಸಿದ್ದು ನೋಡೋಕೆ ಚೆಂದ, ಆದರೆ ಐದೇ ನಿಮಿಷ. ಫ್ರಿಜ್‌ನಲ್ಲಿಟ್ಟು ಹಚ್ಚಿದರೂ ಏನೂ ವ್ಯತ್ಯಾಸ ಕಾಣಲಿಲ್ಲ.

ನನಗೆ ಗೊತ್ತೇ ಇರಲಿಲ್ಲ, ಬತ್ತಿಯ ದಾರವನ್ನು ಸುಮಾರು 6 ಮಿ.ಮೀ.ಗೆ ಕತ್ತರಿಸಿದರೆ ಮಸಿ ಕಮ್ಮಿಯಂತೆ, ನಿಜಕ್ಕೂ ಕಮ್ಮಿಯಾಯ್ತು. ನೆಲಕ್ಕೆ ಬಿದ್ದ ಮೇಣ ಐಸ್ ಇಟ್ಟು ಗಟ್ಟಿ ಮಾಡಿ ಹಳೇ ಎಟಿಎಂ ಕಾರ್ಡಿನಲ್ಲಿ ಕೆರೆದೆ.

ನಮ್ಮವರು ಬಂದವರೇ ಕೇಳಿದ್ದು, "ಕರೆಂಟ್ ಹೋಯ್ತಾ?"