ಓಣಿ ಕಟ್ಟಿ ಕಿತ್ತಾರ, ಜಪಾನದಾಗ ಇಂಥಾವ ಹೆಂಗ ಉಳಿಸ್ತಾರ?

ನಮಸ್ಕಾರ್ರಿ, ಧಾರವಾಡದಾಗ ನಮ್ಮ ಓಣಿ ಬೇವಿನ ಗಿಡದ ಸುತ್ತ ಕಲ್ಲಿನ ಕಟ್ಟಿ ಇತ್ತು, ಸಂಜಿಕೆ ಅಜ್ಜಾರು ಕೂತು ಚಹಾ ಕುಡೀತಿದ್ರು, ಈಗ ಅದನ್ನ ಕಿತ್ತು ಗಿಡದ ಬುಡದ ತನಕಾ ಪೇವರ್ಸ್ ಬಡದು ಸ್ಟೀಲ್ ಬೆಂಚ್ ಹಾಕ್ಯಾರ, ಮಧ್ಯಾಹ್ನ ಕೂತ್ರ ಕುಂಡಿ ಸುಡ್ತದ. ಯಾರನ್ನೂ ಒಂದ್ ಮಾತ್ ಕೇಳಿಲ್ಲ. ಜಪಾನದಾಗ ಊರಿನ ನೋಟ ಕಾಯಾಕ ಕಾನೂನು ಐತಿ ಅಂತಾರ, ಖರೇನ?

ಉತ್ತರ 1: ಖರೇನ ರೀ. 2004ರಾಗ ಲ್ಯಾಂಡ್‌ಸ್ಕೇಪ್ ಆಕ್ಟ್ ತಂದ್ರು. ಕ್ಯೋಟೋದಾಗ 2007ರಾಗ ಊರ ನಡುವಿನ ಬಿಲ್ಡಿಂಗ್ ಎತ್ತರದ ಮಿತಿ 45 ಮೀಟರಿಂದ 31ಕ್ಕ ಇಳಿಸಿದ್ರು, ಛತ್ತಿನ ಮ್ಯಾಲಿನ ಜಾಹೀರಾತು ಬೋರ್ಡೂ ಬಂದ್.

ಉತ್ತರ 2: ಕಾನೂನು ಆಮ್ಯಾಲ ಬಂತ್ರಿ ಅಣ್ಣಾರ, ಮೊದಲ ಎದ್ದವರು ಮಂದಿ. ನಾಗಾನೋ ಕಡೆ ತ್ಸುಮಾಗೋ ಅಂತ ಹಳೇ ಹೆದ್ದಾರಿ ಊರೈತಿ, 1971ರಾಗ ಅಲ್ಲಿಯವರು ಕೂಡಿ ಮನಿ ಮಾರೂದಿಲ್ಲ, ಬಾಡಿಗಿ ಕೊಡೂದಿಲ್ಲ, ಕೆಡವೂದಿಲ್ಲ ಅಂತ ತಾವ ನಿಯಮ ಹಾಕ್ಕೊಂಡ್ರು. ಒಮಿಹಾಚಿಮಾನ್‌ದಾಗ ಹೊಲಸು ತುಂಬಿದ ಕಾಲುವಿ ಮುಚ್ಚಬೇಕು ಅನ್ನೂ ಹೊತ್ತಿನ್ಯಾಗ ಊರವರ ಇಳದು ರಾಡಿ ತಗದ್ರು, ಇವತ್ತು ಅಲ್ಲಿ ದೋಣಿ ಓಡ್ತಾವ.

ಉತ್ತರ 3: ಬಾಡಿಗಿ ಕೊಡಬ್ಯಾಡ್ರಿ ಅಂದ್ರ ಧಾರವಾಡದಾಗ ಯಾರ ಕೇಳ್ತಾರ, ನಮ್ಮ ಓಣ್ಯಾಗ ಅಟ್ಟಾನೂ ಸ್ಟೂಡೆಂಟ್‌ಗೆ ಕೊಟ್ಟಾರ 😄 ಅದಿರ್ಲಿ, ಬುಡಕ್ಕ ನೀರಿಳಿಯಾಕ ಒಂದು ಮೂರು ಫೂಟರ ಪೇವರ್ಸ್ ತಗಸ್ರಿ ಮೊದಲ, ಇಲ್ಲಾಂದ್ರ ಗಿಡಾನೂ ಹೋಗ್ತದ.

ಪ್ರಶ್ನೆ ಕೇಳಿದವರು: ಕಟ್ಟಿ ಕಲ್ಲು ಇನ್ನೂ ಗಟಾರ ಬಾಜೂಕ ಬಿದ್ದಾವ ರೀ. ಐತವಾರ ಅಜ್ಜಾರನ್ನೂ ಕರಕೊಂಡು ವಾರ್ಡ್ ಮೆಂಬರ್ ಮನಿಗೆ ಹೊಂಟೀವಿ.