ಸಹಾಯ ಬೇಕು: ಬೂಟಿನ ಕೆಂಪು ಮಣ್ಣು ಹೇಗೆ ತೆಗೆಯೋದು?

ನವೆಂಬರ್‌ನಲ್ಲಿ ನ್ಯೂಜಿಲೆಂಡ್‌ಗೆ ತಂಗಿ ಮನೆಗೆ ಹೋಗುತ್ತಿದ್ದೇನೆ. ಅವಳು ನನ್ನ ಕೇಳದೇ ಟೊಂಗಾರಿರೋ ಜ್ವಾಲಾಮುಖಿ ಪ್ರಸ್ಥಭೂಮಿಯಲ್ಲಿ ಗೈಡ್ ಜೊತೆ ಒಂದು ದಿನದ ಚಾರಣ ಬುಕ್ ಮಾಡಿಬಿಟ್ಟಿದ್ದಾಳೆ. ಸುಮಾರು 20 ಕಿ.ಮೀ., ಸಮುದ್ರಮಟ್ಟದಿಂದ 1,800 ಮೀಟರ್ ಎತ್ತರ ದಾಟಿ ಹತ್ತಬೇಕು, ರೆಡ್ ಕ್ರೇಟರ್ ಅನ್ನೋ ಜ್ವಾಲಾಮುಖಿ ಬಾಯಿಯ ಹತ್ತಿರದಿಂದ ಇಳಿಯುವಾಗ ಕಾಲಡಿ ಬರೀ ಸಡಿಲ ಜಲ್ಲಿ, ಹಾಗಾಗಿ ಕಾಲಿಗೆ ಚೆನ್ನಾಗಿ ಹೊಂದಿದ ಬೂಟೇ ಬೇಕಂತೆ. ಹೊಸದು ತಂದು ಹದಿನೈದು ದಿನದಿಂದ ಶಿರಸಿಯ ಈ ಮಳೆಯಲ್ಲೇ ತೋಟ, ಗುಡ್ಡ ಸುತ್ತಿದೆ. ಉಂಬಳ ಕಾಟ ಬೇರೆ! ಈಗ ತಂಗಿ ಹೇಳುತ್ತಾಳೆ, ಅಲ್ಲಿನ ಏರ್‌ಪೋರ್ಟ್‌ನಲ್ಲಿ ಬಳಸಿದ ಬೂಟು ಇದೆ ಅಂತ ಡಿಕ್ಲೇರ್ ಮಾಡಬೇಕು, ಒಂಚೂರೂ ಮಣ್ಣು ಇರಬಾರದು ಅಂತ. ಬ್ರಶ್, ಬಿಸಿನೀರು, ಕೊನೆಗೆ ಸೇಫ್ಟಿ ಪಿನ್ನೂ ಆಯ್ತು, ಅಡಿಯ ಗೀರಿನಲ್ಲಿ ಕೆಂಪು ಮಣ್ಣು ಹಾಗೇ ಕೂತಿದೆ. ಒಲೆ ಹತ್ತಿರ ಒಣಗಿಸಿದರೆ ಅಂಟು ಬಿಡುತ್ತದೆ ಅಂತ ಆಯಿ ಬೈಯುತ್ತಾಳೆ.

ಇದನ್ನೇ ತೊಳೆದು ಒಯ್ಯಲಾ, ಇಲ್ಲಾ ಇನ್ನೊಂದು ಜೊತೆ ಕೊಂಡು ಜಗುಲಿ ಮೇಲೆ ಮಾತ್ರ ನಡೆದು ರೂಢಿ ಮಾಡಿಕೊಳ್ಳಲಾ? ಹೋಗಿ ಬಂದವರು ಗೀರಿನ ಮಣ್ಣು ಹೇಗೆ ತೆಗೆದಿರಿ?